ಪಿಕಪ್ ಕೂಲಂಟ್ ಕುಡಿಯುತ್ತಿದೆ, ನೆಲದ ಮೇಲೆ ಒಂದು ಹನಿ ಇಲ್ಲ. ಹೆಡ್ ಬಿಚ್ಚಿಸಲಾ?

ಪಾಂಡವಪುರದವ: ಎಲ್ಲರಿಗೂ ನಮಸ್ಕಾರ. 2016ರ ಡೀಸೆಲ್ ಪಿಕಪ್, 1 ಲಕ್ಷ 62 ಸಾವಿರ ಕಿಲೋಮೀಟರ್ ಓಡಿದೆ. ವಾರಕ್ಕೆ ನಾಲ್ಕು ದಿನ ಟೊಮೆಟೊ ತುಂಬಿಕೊಂಡು ಬಂಡೀಪಾಳ್ಯ ಎಪಿಎಂಸಿಗೆ ಹೋಗುತ್ತೇನೆ. ಎಂಜಿನ್ ತಂಪಾಗಿಡುವ ಕೂಲಂಟ್ ಮೂರು ದಿನಕ್ಕೆ ಅರ್ಧ ಲೀಟರ್ ಮಾಯ. ಆಯಿಲ್ ಬೆಳ್ಳಗಾಗಿಲ್ಲ. ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೆ ಹೋಗಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿದ ತಕ್ಷಣ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಅಂದರು, 28 ಸಾವಿರ ಅಂದರು. ಅನುಭವ ಇದ್ದವರು ಹೇಳಿ.

ಕೆ.ಆರ್. ಪೇಟೆ ಕಬ್ಬು: ಬಿಚ್ಚಿಸಬೇಡಿ ಅಣ್ಣ. ನಾನು ಬಿಚ್ಚಿಸಿ ಕೆಟ್ಟವನು. ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ. ಗ್ಯಾಸ್ಕೆಟ್ ಸೆಟ್ 4,200. ಹೆಡ್ ಬೆಂಡ್ ಆಗಿದೆ ಅಂತ ಲೇತ್‌ಗೆ ಕಳಿಸಿ ಮಟ್ಟ ಮಾಡಿಸಿದ್ದಕ್ಕೆ (ಫೇಸಿಂಗ್) 2,800. ಬೋಲ್ಟು 1,900. ಆಯಿಲ್, ಫಿಲ್ಟರ್ 3,600. ಕೂಲಂಟ್ 1,500. ಕೂಲಿ 9,000. ಒಟ್ಟು 23 ಸಾವಿರ. ಗಾಡಿ ಒಂಬತ್ತು ದಿನ ನಿಂತಿತು, ಅದೂ ಕಬ್ಬು ಕಡಿಯುವ ಹೊತ್ತಲ್ಲಿ. ಬಾಡಿಗೆ ಗಾಡಿಗೆ ದಿನಕ್ಕೆ 2,000. ಅಲ್ಲಿಗೆ 41 ಸಾವಿರ. ನಾಲ್ಕನೇ ದಿನ ನೋಡಿದರೆ ಕೂಲಂಟ್ ಬಾಟಲ್ ಮತ್ತೆ ಖಾಲಿ.

ಆಮೇಲೆ ಮೈಸೂರಿನ ಬನ್ನಿಮಂಟಪದ ಕಡೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ರೇಡಿಯೇಟರ್ ಕ್ಯಾಪ್ ತಿರುಗಿಸಿ, ಒಳಗಿನ ರಬ್ಬರ್ ಮೇಲೆ ಉಗುರು ಎಳೆದರು. ಎರಡು ಕಡೆ ಬಿರುಕು. "ಇದು ಪ್ರೆಶರ್ ಹಿಡಿಯಲ್ಲ ಕಣಪ್ಪ" ಅಂದರು. ಹೊಸ ಕ್ಯಾಪ್ 250 ರೂಪಾಯಿ. ಇಷ್ಟೇ.

ಇನ್ನೊಂದು ಮಾತು. ಇಳಿಸಿದ ಕೂಲಂಟನ್ನು ಬೇಸನ್‌ನಲ್ಲಿ ಹಿತ್ತಿಲಲ್ಲಿ ಬಿಟ್ಟಿದ್ದೆ. ಸಿಹಿ ಇರುತ್ತೆ ಅದು. ನಮ್ಮ ನಾಯಿ ಕರಿಯ ನೆಕ್ಕಿಬಿಟ್ಟ. ಮೂರನೇ ದಿನಕ್ಕೆ ಹೋದ. ದಯವಿಟ್ಟು ಮುಚ್ಚಿಡಿ.

ಮಂಡ್ಯ ಬೆಲ್ಲ: ಕ್ಯಾಪ್ ಹೋಗಿದ್ದರೆ ಬಾಟಲ್‌ನಿಂದ ಉಕ್ಕಿ ಸುತ್ತ ಒದ್ದೆ ಆಗಿರುತ್ತೆ. ಅವರು ಹನಿ ಇಲ್ಲ ಅಂತ ಬರೆದಿದ್ದಾರೆ, ಓದಿ ಸ್ವಾಮಿ. ನನ್ನ ಗಾಡಿಯಲ್ಲಿ ಸೋರಿದ್ದು ಇಜಿಆರ್ ಕೂಲರ್, ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲಂಟ್‌ನಿಂದ ತಂಪು ಮಾಡುವ ಭಾಗ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಮೂಗಿಗೆ ಸಿಹಿ ವಾಸನೆ. ಎಂಟು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ರೇಡಿಯೇಟರ್‌ಗೆ ಕೈಪಂಪ್ ಹಾಕಿ ಪ್ರೆಶರ್ 1 ಬಾರ್‌ಗೆ ಏರಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ 0.6ಕ್ಕೆ ಇಳಿದಿತ್ತು, ಕೆಳಗೆ ಹಾಸಿದ ರಟ್ಟು ಪೂರ್ತಿ ಒಣಗಿತ್ತು. ಹೊರಗೆ ಸೋರದಿದ್ದರೆ ಒಳಗೇ ಸೋರಬೇಕು, ಅಲ್ವಾ? ಕೂಲರ್ ಬಿಚ್ಚಿದರೆ ಕರಿ ಮಸಿಯ ನಡುವೆ ಒಂದು ಬೆರಳಗಲ ಜಾಗ ಮಾತ್ರ ತೊಳೆದಿಟ್ಟ ಹಾಗೆ ಫಳಫಳ. 16,300 ಬಿತ್ತು. ಒಬ್ಬ ಮಹಾನುಭಾವ "ತಗಡು ಹಾಕಿ ಮುಚ್ಚಿಬಿಡಿ" ಅಂದ. ಹೊಗೆ ಯಾರು ಕುಡಿಯಬೇಕು?

ಕೆ.ಆರ್. ಪೇಟೆ ಕಬ್ಬು: ಓಡುವಾಗ ಉಕ್ಕಿದರೆ ರಸ್ತೆ ಮೇಲೆ ಹೋಗುತ್ತೆ, ನಿಮ್ಮ ರಟ್ಟಿನ ಮೇಲೆ ಬೀಳಲ್ಲ.

ನಂಜನಗೂಡು ನರ್ಸರಿ: ನನಗೂ ಮೂರು ಗ್ಯಾರೇಜಿನವರು ಹೆಡ್ ಅಂದರು. "ನಿಮ್ಮ ಯಜಮಾನ್ರನ್ನ ಕಳಿಸಿ ಮೇಡಂ" ಅಂತ ಬೇರೆ. ಗಾಡಿ ನನ್ನದು, ಸಾಲ ನನ್ನದು! ಕ್ಲೀನರ್ ಕೂರುವ ಕಡೆ ಮ್ಯಾಟ್ ಎತ್ತಿದೆ. ಅಂಟಂಟು ಒದ್ದೆ. ಕ್ಯಾಬಿನ್ ಬಿಸಿ ಮಾಡುವ ಹೀಟರ್‌ಗೂ ಕೂಲಂಟ್ ಹೋಗುತ್ತೆ, ಅದರ ಒಳಗೇ ಸೋರಿದೆ. ಹೊಸದು ಹಾಕಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಂತೆ, 11 ಸಾವಿರವಂತೆ. ನಾನೇ ಎರಡು ಹೋಸ್ ಕಿತ್ತು, ಒಂದು ಪೈಪಿನಿಂದ ಸೇರಿಸಿ ಕ್ಲಿಪ್ ಬಿಗಿದೆ. 140 ರೂಪಾಯಿ. ನಮ್ಮೂರಲ್ಲಿ ಹೀಟರ್ ಯಾರಿಗೆ ಬೇಕು? ಎರಡು ವರ್ಷ ಆಯಿತು, ಒಂದು ಹನಿ ಸೇರಿಸಿಲ್ಲ.

ನಾಗಮಂಗಲ ಲೋಡ್: ಎಲ್ಲರೂ 140, 250 ಅಂತ ಮೆರೆಯುತ್ತಿದ್ದೀರಿ. ನಾನೂ ಇಂಥದ್ದೇ ಮಾತು ಕೇಳಿ ಕ್ಯಾಪ್ ಬದಲಿಸಿ, ಎರಡು ತಿಂಗಳು ಸುಮ್ನೆ ನೀರು ಸುರಿದುಕೊಂಡು ಓಡಿಸಿದೆ. ಮೇಲುಕೋಟೆ ಬೆಟ್ಟ ಹತ್ತುವಾಗ ಇಟ್ಟಿಗೆ ಲೋಡ್ ಸಮೇತ ನಿಂತಿತು. ಹೆಡ್ ಸೀಳಿತ್ತು. 74 ಸಾವಿರ, ಒಡವೆ ಅಡ ಇಟ್ಟೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ಅದೇ ಗುರುತು, ನನಗೆ ಗೊತ್ತಾಗಲಿಲ್ಲ. ನೀಲಿ ನೀರಿನ ಟೆಸ್ಟ್ ಮಾಡಿಸಿ. ನೀಲಿ ನೀರಿನ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟಾಗ ಆ ನೀರು ಹಳದಿಯಾದರೆ ಸೈಲೆನ್ಸರಿಗೆ ಹೋಗಬೇಕಾದ ಹೊಗೆ ಕೂಲಂಟಿಗೆ ಬರುತ್ತಿದೆ ಅಂತ. ಆಗ ಬಿಚ್ಚಲೇಬೇಕು. ಕೆ.ಆರ್. ಪೇಟೆಯವರ ಕ್ಯಾಪ್ ಮಂತ್ರ ಎಲ್ಲಾ ಗಾಡಿಗೂ ನಡೆಯಲ್ಲ.

ಕೆ.ಆರ್. ಪೇಟೆ ಕಬ್ಬು: ಎರಡು ತಿಂಗಳು ನೀರು ಸುರಿದವರು ನೀವು. ನನ್ನ ಮೇಲೆ ಯಾಕೆ ಹಾಕುತ್ತೀರಿ?

ಹಳೇ ಮೆಟಡೋರ್: ಈ ಕೂಲಂಟೇ ದೊಡ್ಡ ದಂಧೆ. ನಾನು 22 ವರ್ಷ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೀರು ಹಾಕಿ ಓಡಿಸಿದೆ. ಏನೂ ಆಗಲಿಲ್ಲ.

ಮಂಡ್ಯ ಬೆಲ್ಲ: ಏನೂ ಆಗದಿದ್ದರೆ ಎಷ್ಟು ಸಲ ರೇಡಿಯೇಟರ್ ಕಟ್ಟಿಕೊಂಡು ಒಳಗೆ ರಾಡ್ ಹೊಡೆಸಿ ಕ್ಲೀನ್ ಮಾಡಿಸಿದಿರಿ, ಅದನ್ನೂ ಹೇಳಿ ಯಜಮಾನ್ರೇ.

ಹಳೇ ಮೆಟಡೋರ್: ಮೂರು ಸಲ. ಅದೇನು ಲೆಕ್ಕ?

ನಂಜನಗೂಡು ನರ್ಸರಿ: ಸರ್, ಮೈಸೂರು ಸುಮಾರು 750 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 100 ಮುಟ್ಟುವ ಮೊದಲೇ ಕುದಿಯುತ್ತೆ. ಕೂಲಂಟ್ ಹಾಕುವುದು ತುಕ್ಕು ಹಿಡಿಯದಿರಲಿ, ಬೇಗ ಕುದಿಯದಿರಲಿ ಅಂತ. ದಂಧೆ ಅಲ್ಲ.

ನಾಗಮಂಗಲ ಲೋಡ್: ನಾಲೆ ನೀರಾದರೂ ವಾಸಿ ಅಕ್ಕ. ನಮ್ಮ ಕಡೆ ಬೋರ್‌ವೆಲ್ ನೀರು. ಸ್ನಾನದ ಹಂಡೆಯಲ್ಲಿ ಕೂರುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ರೇಡಿಯೇಟರ್ ಒಳಗೂ ಕೂರುತ್ತೆ.

ಪಾಂಡವಪುರದವ: ಎಲ್ಲರಿಗೂ ಧನ್ಯವಾದ. ಇವತ್ತು ಟಾರ್ಚ್ ಹಾಕಿ ನೋಡಿದೆ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇದೆ. ಅಲ್ಲಿಂದ ಬ್ಲಾಕ್ ಮೇಲೆ ಗುಲಾಬಿ ಬಣ್ಣದ ಒಣಗಿದ ಗೆರೆ. ಕೈಯಲ್ಲಿ ಉಜ್ಜಿದರೆ ಪುಡಿ ಪುಡಿ. ನನ್ನ ಕೂಲಂಟ್ ಬಣ್ಣವೂ ಗುಲಾಬಿಯೇ. ಇದೇ ಇರಬಹುದಾ? ನಾಳೆ ಬೆಳಗಿನ ಜಾವ ಮೂರಕ್ಕೆ ಲೋಡ್ ಇದೆ.

ಹಳೇ ಮೆಟಡೋರ್: ನಾಲೆ ನೀರಿಗೂ ಬೋರ್‌ವೆಲ್ ನೀರಿಗೂ ಹೋಲಿಸಬೇಡಿ. ಕಾವೇರಿ ನೀರು ಅದು.

ಮಂಡ್ಯ ಬೆಲ್ಲ: ಕಾವೇರಿ ನೀರು ಗದ್ದೆಗೇ ಸಾಕಾಗುತ್ತಿಲ್ಲ, ನಿಮ್ಮ ಮೆಟಡೋರ್‌ಗೆ ಎಲ್ಲಿಂದ ಬಿಡೋದು?