ಎಚ್‌ಐವಿ ಚಿಂಪಾಂಜಿಯಿಂದ ಬಂದದ್ದಾ, ಲ್ಯಾಬ್‌ನಲ್ಲಿ ಮಾಡಿದ್ದಾ?

ಸಾಗರದ_ಹುಡುಗ:
ನಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ದಾರೆ. ಏಡ್ಸ್ ವೈರಸ್ಸನ್ನು ಅಮೆರಿಕದ ಮಿಲಿಟರಿ ಲ್ಯಾಬ್‌ನಲ್ಲಿ ತಯಾರಿಸಿದರಂತೆ, ಆಮೇಲೆ ಪೋಲಿಯೊ ಹನಿಯಲ್ಲಿ ಬೆರೆಸಿ ಆಫ್ರಿಕಾದ ಜನಕ್ಕೆ ಕುಡಿಸಿದರಂತೆ. ನಾನು ಬಯಾಲಜಿ ಓದಿದ್ದು ಪಿಯುಸಿವರೆಗೆ ಅಷ್ಟೇ, ವಾದಕ್ಕೆ ಹೋದರೆ ಬಾಯಿ ಮುಚ್ಚಿಸಿಬಿಡುತ್ತಾರೆ. ಚಿಂಪಾಂಜಿಯಿಂದ ಬಂತು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಏನಿದೆ? ಇನ್ನೊಂದು ಡೌಟು. ಮಂಗಗಳಿಗೆ ಈ ವೈರಸ್ ಇದ್ದರೂ ಏನೂ ಆಗುವುದಿಲ್ಲ ಅಂತಾರಲ್ಲ, ಅದು ಯಾಕೆ? ನಮ್ಮ ಕಡೆ ಕೋತಿ ಕಾಟ ಜಾಸ್ತಿ, ಅವುಗಳಲ್ಲೂ ಇದೆಯಾ?

ಜೀನ್_ಪುರಾಣ:
ಚಿಕ್ಕಪ್ಪನ ಮೆಸೇಜಿನಲ್ಲಿ ಎರಡು ಬೇರೆ ಬೇರೆ ಕಥೆ ಅಂಟಿಕೊಂಡಿವೆ.

ಲ್ಯಾಬ್ ಕಥೆ ಮೊದಲು ಅಚ್ಚಾಗಿದ್ದು ಎಲ್ಲಿ ಗೊತ್ತಾ? ನಮ್ಮ ದೆಹಲಿಯಲ್ಲೇ! 1983ರ ಜುಲೈನಲ್ಲಿ ಪೇಟ್ರಿಯಟ್ ಅನ್ನುವ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಅದರ ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದನ್ನೇ ಎತ್ತಿಕೊಂಡು ಪ್ರಪಂಚಕ್ಕೆಲ್ಲ ಹರಡಿತು. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಕೊವ್ ಇದು ನಮ್ಮವರದೇ ಕೆಲಸ ಅಂತ ಒಪ್ಪಿಕೊಂಡರು. ಅಂದರೆ ಚಿಕ್ಕಪ್ಪ ಹಂಚುತ್ತಿರುವುದು 40 ವರ್ಷ ಹಳೆಯ ಮಾಲು.

ಈಗ ಸಾಕ್ಷಿ. ಕಾಂಗೋದ ಕಿನ್ಶಾಸಾದಲ್ಲಿ (ಆಗ ಲಿಯೊಪೋಲ್ಡ್‌ವಿಲ್) 1959ರಲ್ಲಿ ತೆಗೆದಿಟ್ಟ ಒಂದು ರಕ್ತದ ಸ್ಯಾಂಪಲ್‌ನಲ್ಲಿ ಎಚ್‌ಐವಿ ಸಿಕ್ಕಿದೆ. ಅದೇ ಊರಿನಲ್ಲಿ 1960ರಲ್ಲಿ ತೆಗೆದು ಮೇಣದಲ್ಲಿ ಇಟ್ಟಿದ್ದ ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಚೂರಿನಲ್ಲೂ ಸಿಕ್ಕಿದೆ. ಮಜಾ ಏನಪ್ಪ ಅಂದರೆ, ಈ ಎರಡು ವೈರಸ್‌ಗಳ ನಡುವೆ ಸುಮಾರು 12% ವ್ಯತ್ಯಾಸ ಇದೆ. ಇಷ್ಟು ದೂರ ಸರಿಯುವುದು ಒಂದೆರಡು ವರ್ಷದಲ್ಲಿ ಆಗುವ ಕೆಲಸವಲ್ಲ. ವೈರಸ್ ಬದಲಾಗುವ ವೇಗ ಹಿಡಿದು, ಇವುಗಳ ಮೂಲ ವೈರಸ್ ಯಾವ ಕಾಲದ್ದು ಅಂತ ಹಿಂದಕ್ಕೆ ಲೆಕ್ಕ ಹಾಕಿದ ಮೈಕಲ್ ವೊರೊಬಿ ತಂಡಕ್ಕೆ 2008ರಲ್ಲಿ ಸಿಕ್ಕ ಉತ್ತರ 1908ರ ಆಸುಪಾಸು, ಆಚೆ ಈಚೆ ಅಂದರೆ 1884ರಿಂದ 1924ರ ಒಳಗೆ. ಡಿಎನ್‌ಎ ಕತ್ತರಿಸಿ ಜೋಡಿಸುವುದನ್ನು ಮನುಷ್ಯ ಕಲಿತದ್ದೇ 1970ರ ದಶಕದಲ್ಲಿ.

ಜಾಗ ಹುಡುಕಿದ್ದು ವಿಜ್ಞಾನಿ ಬಿಯಾಟ್ರಿಸ್ ಹಾನ್ ಅವರ ತಂಡ. ಕಾಡು ಚಿಂಪಾಂಜಿಗಳನ್ನು ಹಿಡಿದು ರಕ್ತ ತೆಗೆಯುವುದು ಆಗದ ಮಾತು. ಅದಕ್ಕೆ ಕಾಡಿನಲ್ಲಿ ಬಿದ್ದ ಹಿಕ್ಕೆ ಆರಿಸಿ ತಂದು ಪರೀಕ್ಷೆ ಮಾಡಿದರು. 2006ರಲ್ಲಿ ಗೊತ್ತಾಗಿದ್ದು, ಪ್ರಪಂಚಕ್ಕೆಲ್ಲ ಹರಡಿದ ಎಚ್‌ಐವಿಗೆ ತೀರಾ ಹತ್ತಿರದ ವೈರಸ್ ಇರುವುದು ಕ್ಯಾಮರೂನ್‌ನ ಆಗ್ನೇಯ ಮೂಲೆಯ ಚಿಂಪಾಂಜಿಗಳಲ್ಲಿ. ಬೇಟೆ ಮಾಂಸ ಕೊಯ್ಯುವಾಗ ಕೈಯ ಗಾಯಕ್ಕೆ ರಕ್ತ ತಾಗಿದರೆ ಸಾಕು. ಇಂಟರ್‌ನೆಟ್‌ನಲ್ಲಿ ಓಡಾಡುವ ಹೊಲಸು ಜೋಕುಗಳ ಅಗತ್ಯವೇ ಇಲ್ಲ.

ಅನುಮಾನಪ್ಪ:
1884ರಿಂದ 1924 ಅಂದರೆ 40 ವರ್ಷದ ಗ್ಯಾಪು ಸ್ವಾಮಿ. ಇದನ್ನು ಲೆಕ್ಕ ಅಂತಾರಾ? ಪೋಲಿಯೊ ವಿಷಯ ಬೇರೆ ಹಾಗೇ ಬಿಟ್ಟಿದ್ದೀರಿ.

ಜೀನ್_ಪುರಾಣ:
ಗ್ಯಾಪು ಇರಲಿ ಬಿಡಿ ಸಾರ್, ಕೊನೆಯ ತುದಿ 1924 ಅಂತಲೇ ಹಿಡಿಯೋಣ. ಅನುಮಾನಕ್ಕೆ ಬಿದ್ದ ಚಾಟ್ ಅನ್ನುವ ಪೋಲಿಯೊ ಲಸಿಕೆಯನ್ನು ಕಾಂಗೋದಲ್ಲಿ ಕೊಟ್ಟಿದ್ದು 1957ರಿಂದ 1960ರವರೆಗೆ. 30 ವರ್ಷಕ್ಕೂ ಜಾಸ್ತಿ ಅಂತರ ಆಯ್ತಲ್ಲ. ಇನ್ನು ಆ ವಾದದ ಪ್ರಕಾರ ಲಸಿಕೆಗೆ ಬಳಸಿದ್ದು ಕಾಂಗೋದ ಕಿಸಾಂಗಾನಿ ಕಡೆಯ ಚಿಂಪಾಂಜಿಗಳ ಜೀವಕೋಶ. ಅಲ್ಲಿನ ಚಿಂಪಾಂಜಿಗಳ ವೈರಸ್ಸನ್ನೂ 2004ರಲ್ಲಿ ನೋಡಿದರು, ಅದು ಬೇರೆಯದೇ ಕವಲು, ಎಚ್‌ಐವಿಗೆ ಹತ್ತಿರದ್ದಲ್ಲ. ಉಳಿದಿದ್ದ ಹಳೆಯ ಲಸಿಕೆಯನ್ನು ಪರೀಕ್ಷೆ ಮಾಡಿದಾಗಲೂ ಚಿಂಪಾಂಜಿಯ ಡಿಎನ್‌ಎ ಸಿಗಲಿಲ್ಲ.

ದನದ_ಡಾಕ್ಟ್ರು:
ಕೋತಿ ಪ್ರಶ್ನೆಗೆ ನಾನು ಬರುತ್ತೇನೆ. ನಮ್ಮ ಕೋತಿ, ಮುಸುವ ಯಾವುದರಲ್ಲೂ ಈ ವೈರಸ್ ಇಲ್ಲ. ಎಸ್‌ಐವಿ (ಎಚ್‌ಐವಿಯ ಹಾಗೇ ಮಂಗ, ಚಿಂಪಾಂಜಿಗಳಲ್ಲಿ ಇರುವ ವೈರಸ್) ಸಹಜವಾಗಿ ಇರುವುದು ಆಫ್ರಿಕಾದ ಪ್ರಾಣಿಗಳಲ್ಲಿ ಮಾತ್ರ, ಅಲ್ಲಿ 40ಕ್ಕೂ ಹೆಚ್ಚು ಜಾತಿಗಳಲ್ಲಿ ಇದೆ. ಕೋತಿ ಕಚ್ಚಿದರೆ ಹೆದರಬೇಕಾದದ್ದು ರೇಬಿಸ್‌ಗೆ. ಸೋಪು ಹಾಕಿ 15 ನಿಮಿಷ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ನಿಮ್ಮ ಸಾಗರದ ಕಡೆಯ ಮಂಗನ ಕಾಯಿಲೆ ಉಣುಗಿನಿಂದ ಬರುವುದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

"ಮಂಗಗಳಿಗೆ ಏನೂ ಆಗುವುದಿಲ್ಲ" ಅನ್ನುವುದು ಅರ್ಧ ಸತ್ಯ. ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೆ ಅನ್ನುವ ಮಂಗದ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಆದರೂ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಅದರ ರೋಗ ನಿರೋಧಕ ವ್ಯವಸ್ಥೆ ಶುರುವಿನಲ್ಲಿ ಸ್ವಲ್ಪ ಎಗರಾಡಿ ಆಮೇಲೆ ತಣ್ಣಗಾಗುತ್ತದೆ. ನಮ್ಮ ದೇಹ ವರ್ಷಗಟ್ಟಲೆ ಉರಿಯುತ್ತಲೇ ಇದ್ದು ತನ್ನನ್ನೇ ಸವೆಸಿಕೊಳ್ಳುತ್ತದೆ. ಇದೇ ಮ್ಯಾಂಗಬೆ ವೈರಸ್ ಅಮೆರಿಕದ ಪ್ರಾಣಿ ಸಂಶೋಧನಾ ಕೇಂದ್ರಗಳಲ್ಲಿ ಏಷ್ಯಾದ ರೀಸಸ್ ಕೋತಿಗಳಿಗೆ ದಾಟಿದಾಗ ಅವುಗಳಿಗೆ ಏಡ್ಸ್ ಥರದ ಕಾಯಿಲೆಯೇ ಬಂತು.

ಚಿಂಪಾಂಜಿಗಳೂ ಸಾಯುತ್ತವೆ. ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ವೈರಸ್ ತಗುಲಿದ ಚಿಂಪಾಂಜಿಗಳಿಗೆ ಸಾವಿನ ಅಪಾಯ 10ರಿಂದ 16 ಪಟ್ಟು ಜಾಸ್ತಿ ಅಂತ 2009ರಲ್ಲಿ ಗೊತ್ತಾಯಿತು. ಅವುಗಳ ವೈರಸ್ಸೂ ಸ್ವಂತದ್ದಲ್ಲ. ಚಿಂಪಾಂಜಿ ಸಣ್ಣ ಮಂಗಗಳನ್ನು ಬೇಟೆಯಾಡಿ ತಿನ್ನುತ್ತದೆ. ಹಾಗೆ ಬಂದ ಎರಡು ಜಾತಿಯ ವೈರಸ್‌ಗಳು ಅದರೊಳಗೆ ಕಲೆತು ಹುಟ್ಟಿದ ಮಿಶ್ರ ತಳಿ ಅದು.

ಸಾಗರದ_ಹುಡುಗ:
ಥ್ಯಾಂಕ್ಸ್ ಎಲ್ಲರಿಗೂ. ಆದರೆ ಜನ ಸಾವಿರಾರು ವರ್ಷದಿಂದ ಬೇಟೆ ಆಡುತ್ತಲೇ ಇದ್ದರಲ್ಲ, 1900ರ ಹೊತ್ತಿಗೇ ಯಾಕೆ ಹರಡಬೇಕಿತ್ತು?

ಜೀನ್_ಪುರಾಣ:
ಹಿಂದೆಯೂ ಎಷ್ಟೋ ಸಲ ದಾಟಿ ಬಂದು ಹಳ್ಳಿಯಲ್ಲೇ ನಂದಿ ಹೋಗಿರಬಹುದು. ಈ ಸಲ ಹೊಳೆ ದಾರಿ ಹಿಡಿದು ಕಿನ್ಶಾಸಾ ಸೇರಿತು. ವಸಾಹತು ಆಡಳಿತದಲ್ಲಿ ಆ ಊರು ದಿಢೀರ್ ಬೆಳೆಯುತ್ತಿತ್ತು, ರೈಲು ಇತ್ತು, ದುಡಿಯಲು ಬಂದ ಗಂಡಸರ ದಂಡೇ ಇತ್ತು. ಸರಿಯಾಗಿ ಕುದಿಸದ ಸೂಜಿಗಳ ಪಾತ್ರವೂ ಇರಬಹುದು ಅನ್ನುತ್ತಾರೆ.

ದಾಟಿದ್ದೆಲ್ಲ ಹರಡಲೂ ಇಲ್ಲ. ಎಚ್‌ಐವಿಯಲ್ಲಿ 1 ಮತ್ತು 2 ಅಂತ ಎರಡು ಬಗೆ. ಎಚ್‌ಐವಿ-1ರಲ್ಲಿ ಎಂ, ಎನ್, ಓ, ಪಿ ಅಂತ ನಾಲ್ಕು ಗುಂಪು, ನಾಲ್ಕೂ ಬೇರೆ ಬೇರೆಯಾಗಿ ದಾಟಿದ್ದು. ಓ ಮತ್ತು ಪಿ ಗೊರಿಲ್ಲಾದಿಂದ ಬಂದವು. ಎಚ್‌ಐವಿ-2 ಅಂತೂ ಮ್ಯಾಂಗಬೆಯದು. ಪ್ರಪಂಚ ಸುತ್ತಿದ್ದು ಎಂ ಒಂದೇ. ನಮ್ಮ ಜೀವಕೋಶದಲ್ಲಿ ಟೆಥರಿನ್ ಅನ್ನುವ ಪ್ರೋಟೀನ್ ಇದೆ, ಹೊರಗೆ ಹೊರಟ ಹೊಸ ವೈರಸ್ ಕಣಗಳನ್ನು ಅದು ಹಗ್ಗ ಹಾಕಿ ಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ. ಚಿಂಪಾಂಜಿ ವೈರಸ್ ಅದನ್ನು ಬಿಡಿಸಿಕೊಳ್ಳುವುದು ನೆಫ್ ಅನ್ನುವ ಪ್ರೋಟೀನಿನಿಂದ. ಮನುಷ್ಯರ ಟೆಥರಿನ್‌ನಲ್ಲಿ ನೆಫ್ ಹಿಡಿಯುವ ಆ ತುಂಡೇ ಇಲ್ಲ. ಎಂ ಗುಂಪು ವಿಪಿಯು ಅನ್ನುವ ಇನ್ನೊಂದು ಪ್ರೋಟೀನನ್ನು ಈ ಕೆಲಸಕ್ಕೆ ಪಳಗಿಸಿಕೊಂಡಿತು, ಪಿ ಗುಂಪಿಗೆ ಅದು ಆಗಲಿಲ್ಲ. ಎಂ ಗೆದ್ದದ್ದಕ್ಕೆ ಇದೊಂದೇ ಕಾರಣ ಅನ್ನಲಾರೆ, ದೊಡ್ಡ ಕಾರಣ ಅಂತೂ ಹೌದು.

ನಮ್ಮ ದೇಶದಲ್ಲಿ ಜಾಸ್ತಿ ಇರುವುದು ಈ ಎಂ ಗುಂಪಿನ ಸಿ ಉಪತಳಿ. ಅದರ ಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಬಹಳ ಕೆಲಸ ಮಾಡಿದೆ. ಆಸಕ್ತಿ ಇದ್ದರೆ ಹುಡುಕಿ ನೋಡಿ.