ಸಹಾಯ ಬೇಕು: ನೀರಲ್ಲಿ ಉಸಿರು ಹಿಡಿಯುವ ಮಗನ ಬಗ್ಗೆ

ನಮಸ್ಕಾರ. ನಮ್ಮದು ಗದಗ ಹತ್ತಿರದ ಹಳ್ಳಿ. ಮಗನಿಗೆ 16 ವರ್ಷ. ಹೊಲದ ಬಾವಿಯಲ್ಲಿ ಮುಳುಗಿ ಉಸಿರು ಹಿಡಿಯುವ ಹುಚ್ಚು. ಮೊದಲು ಮೆಟ್ಟಿಲ ಮೇಲೆ ಕೂತು 20 ಸಲ ಜೋರಾಗಿ ಉಸಿರಾಡುತ್ತಾನೆ. ಮೊನ್ನೆ ಮೇಲೆ ಬಂದಾಗ ತುಟಿ ನೀಲಿ, ಕಣ್ಣು ಎತ್ತಲೋ. ಕರೆದರೆ ಮಾತಿಲ್ಲ. ನನ್ನ ಕೈಕಾಲು ತಣ್ಣಗಾದವು.

ಬೈದೆ, ಕೇಳಲಿಲ್ಲ. "ಅವ್ವಾ, ಆಕ್ಸಿಜನ್ ತುಂಬಿಕೊಳ್ತೀನಿ" ಅಂತಾನೆ. ಡಾಕ್ಟರ್ ಹೇಳಿದ್ದೇ ಬೇರೆ. ಹಾಗೆ ಮಾಡಿದರೆ ಆಕ್ಸಿಜನ್ ಅಷ್ಟೇನೂ ಜಾಸ್ತಿಯಾಗಲ್ಲವಂತೆ, ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದಂತೆ. ಉಸಿರು ಬೇಕು ಅನ್ನಿಸುವುದು ಮುಖ್ಯವಾಗಿ ಅದು ಏರಿದಾಗಲೇ ಅಲ್ವಾ? ಆ ಸುಳಿವು ತಡವಾದರೆ, ಮಿದುಳಿಗೆ ಆಕ್ಸಿಜನ್ ಸಾಲದೆ ನೀರಲ್ಲೇ ಎಚ್ಚರ ತಪ್ಪಬಹುದು. ಸದ್ಯ ಬಾವಿಗೆ ಇಳಿಯುವುದನ್ನೇ ನಿಲ್ಲಿಸಿದ್ದೇನೆ.

ತಿಳಿದವರು ಹೇಳಿ: ಜೋರು ಉಸಿರಾಟ ಬಿಟ್ಟು, ಈಜು ಬಲ್ಲವರು ಪಕ್ಕದಲ್ಲಿದ್ದರೆ ಈ ಅಭ್ಯಾಸ ಮುಂದುವರಿಸಬಹುದಾ, ಇಲ್ಲಾ ಪೂರ್ತಿ ಬಿಡಿಸಬೇಕಾ?