ಆಡಿನ ಲಿವರ್‌ನಲ್ಲಿ ಗಡ್ಡೆ: ಅನುಭವ ಇರುವವರು ತಿಳಿಸಿ

ಶಿರ್ವದವನು: ಆರು ವರ್ಷದ ಹೆಣ್ಣಾಡು. ಎರಡು ತಿಂಗಳಿಂದ ಸೊರಗುತ್ತಿದೆ, ಮೇವನ್ನು ಮೂಸಿ ಬಿಡುತ್ತದೆ. ಸ್ಕ್ಯಾನ್‌ನಲ್ಲಿ ಲಿವರ್‌ನೊಳಗೆ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಟ್ಯೂಮರ್ ಇರಬಹುದು, ಆಡಿನಲ್ಲಿ ಅಪರೂಪ ಎಂದರು ಡಾಕ್ಟರು. ನೀವೇನು ಮಾಡಿದಿರಿ?

ಕಾರ್ಕಳದ ಹಟ್ಟಿ: ನನ್ನದು ಜಮುನಾಪಾರಿ ಮಿಶ್ರತಳಿ, 14,500 ರೂಪಾಯಿ ಕೊಟ್ಟು ತಂದದ್ದು. ಮೊದಲು ಲಿವರ್‌ನ ಚಪ್ಪಟೆ ಹುಳ ಎಂದು ಎರಡು ಸಲ ಔಷಧ, 380. ಕಣ್ಣು ಹಳದಿಯಾಯಿತು; ಲಂಟಾನ ಎಂಬ ವಿಷದ ಗಿಡ ತಿಂದಿರಬೇಕು ಎಂದರು ಇನ್ನೊಬ್ಬರು. ಡ್ರಿಪ್, ಇಂಜೆಕ್ಷನ್ 2,650. ಮಂಗಳೂರಿಗೆ ಪಿಕಪ್ ಬಾಡಿಗೆ 2,200, ಪಡುಬಿದ್ರಿಯಲ್ಲಿ ಟಯರ್ ಪಂಕ್ಚರ್. ಸ್ಕ್ಯಾನ್ 900. ಹತ್ತೊಂಬತ್ತನೇ ದಿನ ಸತ್ತಿತು. ಮರಣೋತ್ತರ ಪರೀಕ್ಷೆಗೆ ಟಾರ್ಚ್ ಹಿಡಿದು ನಿಂತವನು ನಾನೇ. ಲಿವರ್‌ನಲ್ಲಿ ಬಿಳಿ ಗಂಟು; ಕತ್ತಿ ಹಾಕಿದರೆ ಬಲಿತ ಕೊಬ್ಬರಿಯ ಹಾಗೆ ಕರ್ರೆಂದಿತು. ಲ್ಯಾಬ್‌ಗೆ ಕಳಿಸುವ ತುಂಡನ್ನು ಕಿರಿದಾದ ಬಾಯಿಯ ಬಾಟಲಿಯಲ್ಲಿ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರವ) ಹಾಕಿದ್ದು ನನ್ನ ದಡ್ಡತನ. ಗಟ್ಟಿಯಾಗಿ ಹೊರಗೆ ಬರಲಿಲ್ಲ, ಬಾಟಲಿ ಒಡೆಯಬೇಕಾಯಿತು. ಅಗಲ ಬಾಯಿಯದ್ದೇ ಇರಲಿ, ತುಂಡು ತೆಳ್ಳಗಿರಲಿ, ಫಾರ್ಮಲಿನ್ ತುಂಡಿನ ಹತ್ತು ಪಾಲು. ಫ್ರೀಜರ್‌ಗೆ ಹಾಕಬೇಡಿ. ವರದಿಗೆ 500: ಪಿತ್ತನಾಳದ ಕ್ಯಾನ್ಸರ್. ಒಟ್ಟು 6,630, ಒಂದು ಹೆಸರು ತಿಳಿಯಲು. ಉಳಿದ ಏಳು ಆಡುಗಳಿಗೆ ಅಂಟುವುದಲ್ಲ ಎಂದು ಗೊತ್ತಾಗಿ ನಿದ್ದೆ ಬಂತು, ಅಷ್ಟೇ.

ಮೂಡುಬಿದಿರೆ ತೋಟ: ಮಾರಾಯರೇ, ಗಡ್ಡೆ ಎಂದದ್ದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮ ಆಡಿನಲ್ಲಿ ಇದ್ದದ್ದು ನೀರುಗುಳ್ಳೆ, ನಾಯಿಯ ಲಾಡಿಹುಳದ್ದು. ಹಸಿ ಲಿವರ್ ನಾಯಿಗೆ ಎಸೆಯುವ ಮನೆಗಳಿರುವವರೆಗೆ ಇದು ಮುಗಿಯುವುದಿಲ್ಲ.

ಕಾರ್ಕಳದ ಹಟ್ಟಿ: ನಾನು ಎಸೆದೆ ಎಂದೇ? ಹೊಂಡ ತೋಡಿ ಸುಣ್ಣ ಹಾಕಿ ಹೂತಿದ್ದೇನೆ. ವರದಿಯಲ್ಲಿರುವುದು ನೀರುಗುಳ್ಳೆಯಲ್ಲ, ಓದಿ ಬನ್ನಿ.

ಕಾಪು ಕಡೆಯವ: ಇಷ್ಟೆಲ್ಲ ಯಾಕೆ? ಸೊರಗಿದ್ದು ಕಂಡ ವಾರವೇ ಮಾಂಸದ ಅಂಗಡಿಗೆ ಕೊಟ್ಟೆ. 5,000 ಬಂತು.

ಬ್ರಹ್ಮಾವರದ ಅಕ್ಕ: ಹೆಮ್ಮೆಯಿಂದ ಹೇಳುತ್ತಿದ್ದೀರಲ್ಲ! ಕಾಮಾಲೆ ಬಂದ ಪ್ರಾಣಿಯನ್ನು ಯಾರ ಮನೆಯ ಪಾತ್ರೆಗೆ ಕಳಿಸಿದಿರಿ? ನಮ್ಮ ಲ್ಯಾಬ್ರಡಾರ್‌ಗೂ ಲಿವರ್ ಟ್ಯೂಮರ್. ಲಿವರ್‌ನ ಒಂದೇ ಹಾಲೆಯಲ್ಲಿ, ಅಂದರೆ ಒಂದೇ ಭಾಗದಲ್ಲಿತ್ತು, ಆ ಹಾಲೆಯನ್ನೇ ಕತ್ತರಿಸಿ ತೆಗೆದರು. 46,000 ಹೋಯಿತು. ಬಳೆ ಅಡವಿಟ್ಟೆ. ಹೊಲಿಗೆ ಬಿಚ್ಚಿಕೊಂಡು ರಾತ್ರಿ ಒಂದು ಗಂಟೆಗೆ ಮತ್ತೆ ಓಡಿದೆವು. ಮೂರು ವರ್ಷ ಬದುಕಿತು.

ಕಾರ್ಕಳದ ಹಟ್ಟಿ: 46,000ಕ್ಕೆ ಮೂರು ಜಮುನಾಪಾರಿ ಬರುತ್ತದೆ.

ಬ್ರಹ್ಮಾವರದ ಅಕ್ಕ: ಬಂದರೆ ಬರಲಿ. ನನ್ನ ನಾಯಿಯನ್ನು ನಿಮ್ಮ ಹಟ್ಟಿಯ ತಕ್ಕಡಿಯಲ್ಲಿ ಇಡಬೇಡಿ.

ಕಾಪು ಕಡೆಯವ: ನನ್ನ ಆಡಿಗೆ ಕಾಮಾಲೆ ಇತ್ತೆಂದು ನಾನು ಹೇಳಲೇ ಇಲ್ಲ.

ಶಿರ್ವದವನು: ಹಾಗಾದರೆ ಸೂಜಿ ಹಾಕಿ ಪರೀಕ್ಷಿಸಲು ಹೇಳಲೇ?

ಮೂಡುಬಿದಿರೆ ತೋಟ: ಮೊದಲು ಗಡ್ಡೆಯ ಒಳಗೆ ನೀರಿದೆಯೇ ಎಂದು ಕೇಳಿ; ನೀರಿದ್ದರೆ ಸ್ಕ್ಯಾನ್‌ನಲ್ಲಿ ಕಪ್ಪಾಗಿ ಕಾಣುತ್ತದೆ. ನೀರುಗುಳ್ಳೆಗೆ ಸೂಜಿ ಚುಚ್ಚಿದರೆ ಒಳಗಿನದ್ದು ಹೊಟ್ಟೆಯಲ್ಲೆಲ್ಲ ಚೆಲ್ಲಿ ಹೊಸ ಗುಳ್ಳೆ ಏಳಬಹುದು. ಅಂದ ಹಾಗೆ, ಕಾರ್ಕಳದಿಂದ ಮಂಗಳೂರಿಗೆ ಪಿಕಪ್‌ಗೆ 2,200 ಕೊಟ್ಟವರನ್ನು ಇವತ್ತೇ ಕಂಡದ್ದು. ಪಡುಬಿದ್ರಿಯ ಸುತ್ತು ಯಾಕೆ? ನಮ್ಮೂರಿನ ಮೇಲೆ ಹೋಗಬಹುದಿತ್ತಲ್ಲ.

ಕಾರ್ಕಳದ ಹಟ್ಟಿ: ನಿಮ್ಮೂರಿನ ರಸ್ತೆ ಅಗೆದು ಹಾಕಿದ್ದರು. ಪ್ರತಿ ಹೊಂಡಕ್ಕೂ ಆಡು ನರಳುತ್ತಿತ್ತು. ಅದಕ್ಕೆ.